ಬೆನ್ನಿಗೆರೆದ ಹಾಲು

ಈ ಕಥೆಯನ್ನು ಮೊದಲು ಹೇಳಿದವರು ಅಮೆರಿಕದ ಫ್ರೀಮಾಂಟಿನ ಇಸ್ಮತ್ ಬೇಗಂ. ಹುಟ್ಟಿದ್ದು ಧಾರವಾಡದಲ್ಲಿ, ಸಮುದ್ರ ದಾಟಿ ಎಷ್ಟೋ ವರ್ಷವಾದರೂ ಮಾತಿನ ಗತ್ತನ್ನು ಬಿಟ್ಟುಕೊಟ್ಟವರಲ್ಲ. ಹೇಳಿದ್ದು ೨೦೨೫ರ ನಾಗರ ಪಂಚಮಿಯ ಸಂಜೆ, ತಮ್ಮ ಮನೆಯ ಹಿತ್ತಲಿನಲ್ಲಿ. ತಿಥಿ ಮಂಗಳವಾರವೇ ಕಳೆದಿತ್ತು. ಆದರೆ ಅಲ್ಲಿನ ರೂಢಿಯಂತೆ ಹಬ್ಬ ಶನಿವಾರಕ್ಕೆ ಸರಿದುಕೊಂಡಿತ್ತು. ನೆರೆಯ ಹೆಂಗಸರು ಮಡಿಸುವ ಕುರ್ಚಿಗಳಲ್ಲಿ ಕುಳಿತು ಎಳ್ಳುಂಡಿ ಮೆಲ್ಲುತ್ತಿದ್ದರು. “ಉಂಡಿ ತಿನಕೋತ ಕೇಳ್ರಿ,” ಎಂದು ಇಸ್ಮತ್ ಕಥೆ ತೆಗೆದರು. ಉಂಡಿ ತಂದವರು ಯಾರೆಂಬುದನ್ನು ಮಾತ್ರ ಆಗ ಹೇಳಲಿಲ್ಲ.

ಸರಟೋಗಾದ ಗುಡ್ಡದ ಮೇಲೆ ಡಾಕ್ಟರ್ ಊರ್ಮಿಳಾ ಅವರ ಮನೆ. ಆ ಮನೆಯಲ್ಲಿ ಹಂಸಾ ಎಂಬವಳಿದ್ದಳು. ಮೈಸೂರಿನ ಮೇಷ್ಟ್ರೊಬ್ಬರ ಮಗಳು, ಇಂಗ್ಲಿಷ್ ಎಂ.ಎ. ಮಾಡಿದವಳು. ಮದುವೆಯಾಗಿ ಅಮೆರಿಕಕ್ಕೆ ಬಂದಳು. ಮದುವೆ ಮುರಿಯಿತು, ಗ್ರೀನ್ ಕಾರ್ಡು ಉಳಿಯಿತು. ಊರ್ಮಿಳಾ ಅವರ ಮಗಳು ಇಂಚರಳಿಗೆ ಕನ್ನಡ ಕಲಿಸುವುದು, ಹೋಮ್‌ವರ್ಕ್ ಮಾಡಿಸುವುದು, ಈಜಿನ ಕ್ಲಾಸಿಗೆ ಕರೆದೊಯ್ಯುವುದು, ಜಡೆ ಹೆಣೆಯುವುದು ಅವಳ ಪಾಲಿನ ಕೆಲಸ. ಇರಲು ಮಹಡಿಯ ಮೇಲೊಂದು ಕೋಣೆ. ಅವಳನ್ನು ಕೆಲಸದವಳೆಂದು ಆ ಮನೆಯಲ್ಲಿ ಯಾರೂ ಅಂದದ್ದಿಲ್ಲ. ನಮ್ಮವಳೆಂದು ಯಾರೂ ಅಂದುಕೊಂಡದ್ದೂ ಇಲ್ಲ. ಅತಿಥಿಗಳಿಲ್ಲದ ದಿನ ಅವಳ ತಟ್ಟೆ ದೊಡ್ಡ ಮೇಜಿನ ಮೇಲೆ ಬೀಳುತ್ತಿತ್ತು. ಅತಿಥಿಗಳು ಬಂದರೆ ಅಡುಗೆಮನೆಯ ಮೂಲೆಯ ಪುಟ್ಟ ಮೇಜಿಗೆ, ಇಂಚರಳ ತಟ್ಟೆಯ ಪಕ್ಕಕ್ಕೆ, ತಾನಾಗಿಯೇ ಸರಿಯುತ್ತಿತ್ತು.

ಆ ಪುಟ್ಟ ಮೇಜಿನ ಬಳಿಯೇ ಹಂಸಾಳಿಗೆ ಪ್ರದ್ಯುಮ್ನನ ಭೇಟಿಯಾದದ್ದು. ಊರ್ಮಿಳಾ ಅವರ ತಮ್ಮ ಪ್ರದ್ಯುಮ್ನ ಎಮರಿವಿಲ್‌ನ ಅನಿಮೇಷನ್ ಸ್ಟುಡಿಯೋ ಒಂದರಲ್ಲಿ ಬೊಂಬೆಗಳ ಮುಖಕ್ಕೆ ನಗು, ಅಳು ತುಂಬುವವನು. ವಾರಾಂತ್ಯಕ್ಕೆ ಅಕ್ಕನ ಮನೆಗೆ ಬರುತ್ತಿದ್ದ. ಒಂದು ಭಾನುವಾರ, ಷೇರು ಮತ್ತು ಸ್ಕೂಲ್ ಡಿಸ್ಟ್ರಿಕ್ಟಿನ ಮಾತಿನಿಂದ ತಪ್ಪಿಸಿಕೊಂಡು ತಟ್ಟೆ ಹಿಡಿದು ಅಡುಗೆಮನೆಗೆ ಬಂದ. ಕುರ್ಚಿ ಮಕ್ಕಳ ಅಳತೆಯದು. ಅವನ ಮೊಣಕಾಲುಗಳು ಮೇಜಿಗಿಂತ ಎತ್ತರಕ್ಕೆ ಬಂದವು. ಹಂಸಾ ನಗು ತಡೆದುಕೊಂಡಳು.

“ನಗೋಕೆ ಮುಂಚೆ ನಿಮ್ಮ ಎಡಗಡೆ ಹುಬ್ಬು ಏಳುತ್ತೆ,” ಎಂದ. “ತಡೆದ್ರೂ ಗೊತ್ತಾಗಿಬಿಡುತ್ತೆ.”

“ಬೊಂಬೆಗಳನ್ನ ನೋಡೋ ಹಾಗೆ ಮನುಷ್ಯರನ್ನ ನೋಡಬಾರದು.”

“ಬೊಂಬೆಗಳು ಇಷ್ಟು ಚೆನ್ನಾಗಿ ಬೈಯಲ್ಲ.”

ಮುಂದಿನ ವಾರವೂ ಬಂದ, ಅದರ ಮುಂದಿನ ವಾರವೂ. ಹಳೆಯ ಇಂಗ್ಲಿಷ್ ಕಾದಂಬರಿಗಳಲ್ಲಿ ಬರುವ, ಶ್ರೀಮಂತರ ಮನೆಯಲ್ಲೇ ಇದ್ದು ಮಕ್ಕಳಿಗೆ ಪಾಠ ಹೇಳುವ ಟೀಚರಮ್ಮಂದಿರ ಮೇಲೆ ಹಂಸಾ ಎಂ.ಎ. ಪ್ರಬಂಧ ಬರೆದಿದ್ದಳೆಂದು ತಿಳಿದು, ಅವರ ಬಗ್ಗೆ ಒಂದೊಂದೇ ಕೇಳತೊಡಗಿದ. ಅವರು ಎಲ್ಲಿ ಊಟ ಮಾಡುತ್ತಿದ್ದರು ಎಂಬುದು ಅವನ ಮೊದಲ ಪ್ರಶ್ನೆ.

“ಅದೇ ಯಾರಿಗೂ ಬಗೆಹರಿದಿರಲಿಲ್ಲ. ಯಜಮಾನರ ಟೇಬಲ್ಲಿಗೆ ಕೆಳಗಿನವಳು, ಆಳುಗಳ ಟೇಬಲ್ಲಿಗೆ ಮೇಲಿನವಳು. ಒಂದು ಟ್ರೇನಲ್ಲಿ ಊಟ ಅವಳ ರೂಮಿಗೆ ಹೋಗೋದು.”

“ಕೊನೆಗೆ?”

“ಕೊನೆಗೆ ಎಲ್ಲಿಂದಲೋ ಒಂದು ಆಸ್ತಿ ಬರುತ್ತೆ. ಆಮೇಲೆ ಮದುವೆ.”

“ಆಸ್ತಿ ಬರದೇ ಇದ್ರೆ?”

ಹಂಸಾ ಇಂಚರಳ ತಟ್ಟೆಗೆ ತುಪ್ಪ ಬಡಿಸುತ್ತ ಹೇಳಿದಳು: “ಅಂಥವಳ ಬಗ್ಗೆ ಯಾರೂ ಕಾದಂಬರಿ ಬರೀಲಿಲ್ಲ, ಪ್ರದ್ಯುಮ್ನ ಅವರೇ.”

ಅವನು ನಗಲಿಲ್ಲ. ಅವಳ ಕೈಯಿಂದ ತುಪ್ಪದ ಚಮಚ ತೆಗೆದುಕೊಂಡು ಮೊದಲು ಅವಳ ಅನ್ನಕ್ಕೆ ಬಡಿಸಿದ. ಆ ಮನೆಯಲ್ಲಿ ಅವಳಿಗೆ ಇನ್ನೊಬ್ಬರು ಬಡಿಸಿದ್ದು ಅದೇ ಮೊದಲು. ಆ ದಿನದಿಂದ ಶನಿವಾರದ ಮಧ್ಯಾಹ್ನ ಡ್ರೈವ್‌ವೇಯಲ್ಲಿ ಕಾರಿನ ಸದ್ದಾದರೆ ಹಂಸಾಳ ಕೈಯಲ್ಲಿದ್ದ ಜಡೆ ಸಡಿಲವಾಗುತ್ತಿತ್ತು. ಇಂಚರ “ಅಕ್ಕ, ಫೋಕಸ್” ಎಂದು ಗದರುತ್ತಿದ್ದಳು.

ಆಷಾಢ ಮುಗಿಯುವ ಹೊತ್ತಿಗೆ ಪ್ರದ್ಯುಮ್ನ ಬಾಯಿಬಿಟ್ಟು ಮದುವೆಯ ಮಾತು ಆಡಿದ. ಪಂಚಮಿಯ ದಿನ ಮನೆ ತುಂಬ ಜನರಿರುತ್ತಾರೆ, ಅಂದೇ ಅಕ್ಕನಿಗೂ ತಿಳಿಸುತ್ತೇನೆ ಎಂದ. ಹಂಸಾ ಪೆಟ್ಟಿಗೆಯ ತಳದಲ್ಲಿದ್ದ ಗಿಳಿಹಸಿರು ಸೀರೆಯನ್ನು ತೆಗೆದು ಗಾಳಿಗೆ ಹರವಿದಳು. ಬೇಡಿಕೊಳ್ಳುವುದನ್ನು ಮರೆತಿದ್ದವಳು ಆ ವಾರ ಪೂರ್ತಿ ದೇವರನ್ನು ಬೇಡಿಕೊಂಡಳು.

ಊರ್ಮಿಳಾ ಕಣ್ಣಿಲ್ಲದವರಲ್ಲ. ಗದ್ದಲ ಮಾಡುವ ಜಾಯಮಾನವೂ ಅವರದಲ್ಲ. ರೋಗ ಗುರುತಿಸಿದ ಮೇಲೆ ನಗುನಗುತ್ತಲೇ ಮದ್ದು ಕೊಡುವವರು.

ಪಂಚಮಿಯಂದು ಸೋದರಿಯರು ಸೋದರರನ್ನು ಮಣೆಯ ಮೇಲೆ ಕೂರಿಸಿ, ಹೂವನ್ನು ಹಾಲಿನಲ್ಲಿ ಅದ್ದಿ ಬೆನ್ನಿಗೆ ಎರೆದು, “ಬೆನ್ನು ತಣ್ಣಗಿರಲಿ, ಹೊಟ್ಟೆ ತಣ್ಣಗಿರಲಿ” ಎಂದು ಹರಸುವುದು ಅವರ ಮನೆತನದ ಪದ್ಧತಿ. ಬಳಿಕ ಸೋದರ ಉಡುಗೊರೆ ಕೊಡಬೇಕು. ಮುಂದೆ ಪ್ರತಿ ಪಂಚಮಿಗೂ ಸೋದರಿಯ ಮನೆಬಾಗಿಲಿಗೆ ಹೋಗಬೇಕು. ಊರ್ಮಿಳಾ ತಮ್ಮನಿಗೆ ಹಾಲೆರೆದು ಎದ್ದರು. ಅವನು ಇನ್ನೂ ಮಣೆಯ ಮೇಲಿದ್ದ. ಬೆಳ್ಳಿ ಬಟ್ಟಲನ್ನು ಹಂಸಾಳ ಕೈಗಿಟ್ಟು, ಸುತ್ತ ನೆರೆದವರಿಗೆಲ್ಲ ಕೇಳುವಂತೆ ಹೇಳಿದರು:

“ಹಂಸಾ ನಮ್ಮನೆಗೆ ಕೆಲಸಕ್ಕೆ ಬಂದೋಳಲ್ಲ. ನನಗೆ ತಂಗಿ ಇರ್ಲಿಲ್ಲ, ಇವಳೇ ತಂಗಿ. ಬಾಮ್ಮ, ನೀನೂ ನಿಮ್ಮಣ್ಣನ ಬೆನ್ನಿಗೆ ಹಾಲೆರೆ.”

ಎಂಥ ದೊಡ್ಡ ಮನಸ್ಸು ಎಂದು ಅತಿಥಿಗಳು ಮೆಚ್ಚಿದರು. ಯಾರೋ ಚಪ್ಪಾಳೆ ತಟ್ಟಿದರು.

ಹಂಸಾ ಅವನನ್ನು ನೋಡಿದಳು. ಅವನ ಮುಖದಲ್ಲಿ ರಕ್ತವಿರಲಿಲ್ಲ. ಈಗ ಏಳುತ್ತಾನೆ ಎಂದುಕೊಂಡಳು. ಅವನ ಅಂಗೈ ನೆಲಕ್ಕೆ ಊರಿತು, ಏಳುವವನ ಹಾಗೆ. ಊರಿದಲ್ಲೇ ಉಳಿಯಿತು. ಕೊನೆಗೆ ಅವನು ತಲೆ ತಗ್ಗಿಸಿದ.

ಅವಳು ಬೆನ್ನ ಹಿಂದೆ ಕುಳಿತಳು. ಅವನು ಕುರ್ತಾ ಮೇಲೆತ್ತಿದ. ಬಲಹೆಗಲ ಕೆಳಗೆ ಹುರುಳಿಕಾಳಿನಷ್ಟು ಒಂದು ಮಚ್ಚೆಯಿತ್ತು. ಹೆಂಡತಿಯಾಗಿ ಕಾಣಬೇಕಿದ್ದುದನ್ನು ತಂಗಿಯಾಗಿ ಕಂಡಳು. ಹೂವು ಅದ್ದಿ ಎರೆದಳು. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಹಾಲು, ಅವನು ನಡುಗಿದ. ಚಳಿಗೆ ನಡುಗಿದನೆಂದು ಎಲ್ಲರೂ ನಕ್ಕರು. “ಬೆನ್ನು ತಣ್ಣಗಿರಲಿ,” ಎಂದಳು. ಮಿಕ್ಕ ಅರ್ಧವನ್ನು ಹೇಳದೆ ಎದ್ದಳು.

“ಸೋ ಐ ಶುಡ್ ಕಾಲ್ ಯು ಚಿಕ್ಕಮ್ಮ ನೌ?” ಎಂದು ಇಂಚರ ಸಂಭ್ರಮದಿಂದ ಕೇಳಿದಳು.

ಅಂದು ಅತಿಥಿಗಳಿದ್ದರೂ ಅವಳ ತಟ್ಟೆ ಪುಟ್ಟ ಮೇಜಿಗೆ ಸರಿಯಲಿಲ್ಲ. ದೊಡ್ಡ ಮೇಜಿನಲ್ಲಿ, ಪ್ರದ್ಯುಮ್ನನ ಪಕ್ಕದಲ್ಲಿಯೇ, ಊರ್ಮಿಳಾ ತಾವೇ ಬಡಿಸಿದರು.

ಊಟವಾದ ಮೇಲೆ ಅವನು ಗರಾಜಿನಲ್ಲಿ ಅವಳನ್ನು ಕಂಡ. “ನೀವು ಬಟ್ಟಲು ಕೆಳಗಿಡ್ತೀರಿ ಅಂತ ಕಾದೆ,” ಎಂದ.

“ನೀವು ಏಳ್ತೀರಿ ಅಂತ ನಾನು ಕಾದೆ.”

“ನಾನು ಎದ್ದಿದ್ರೆ ಅಕ್ಕ ಇವತ್ತೇ ನಿಮ್ಮನ್ನ ಮನೆಯಿಂದ ಕಳಿಸಿಬಿಡ್ತಿದ್ಲು.”

“ನೀವು ಜೊತೆಗೆ ಬರ್ತಿದ್ರಲ್ಲ.”

ಅವನಿಗೆ ಅದು ಹೊಳೆದಿರಲಿಲ್ಲ. ಹೊಳೆದಿರಲಿಲ್ಲ ಎಂಬುದು ಅವನ ಮುಖದಲ್ಲಿ ಕಂಡಾಗ ಹಂಸಾಳಿಗೆ ಎಲ್ಲ ಮುಗಿಯಿತೆನಿಸಿತು.

“ಈ ಮನೆ ಅನ್ನ ತಿನ್ನೋಳು ಬಟ್ಟಲು ಕೆಳಗಿಡೋ ಹಾಗಿಲ್ಲ, ಪ್ರದ್ಯುಮ್ನ ಅವರೇ. ಏಳೋದು ನಿಮ್ಮೊಬ್ಬರ ಕೈಲಿ ಮಾತ್ರ ಆಗ್ತಿತ್ತು.”

“ಈಗಲೇ ಹೋಗಿ ಹೇಳ್ತೀನಿ.”

“ಏನಂತ ಹೇಳ್ತೀರಿ?” ಎಂದಳು ಮೆಲ್ಲಗೆ. “ಬೆನ್ನು ಇನ್ನೂ ಒದ್ದೆ ಇದೆ.”

ಆ ತಿಂಗಳು ಮುಗಿಯುವ ಮೊದಲೇ ಹಂಸಾ ಸರಟೋಗಾ ಬಿಟ್ಟು, ಮಹಡಿಯ ಮೇಲಿನ ಒಂದು ಬಾಡಿಗೆ ಕೋಣೆ ಹಿಡಿದಳು. ಮರುವರ್ಷ ಪಂಚಮಿಯ ದಿನ ಪ್ರದ್ಯುಮ್ನ ಅಲ್ಲಿಗೆ ಬಂದ, ಕೈಯಲ್ಲಿ ಸೀರೆ ಮತ್ತು ಉಂಡಿ. ಅವಳ ಬಾಗಿಲು ತಟ್ಟಲು ಲೋಕ ಅವನಿಗೆ ಬಿಟ್ಟುಕೊಟ್ಟಿದ್ದು ವರ್ಷದಲ್ಲಿ ಅದೊಂದೇ ದಿನ. ಅವಳನ್ನು ದೂರಮಾಡಿದ ಶಾಸ್ತ್ರವೇ ಕೊಟ್ಟ ದಿನ. ಹಂಸಾ ಕೆಳಗಿಳಿಯಲಿಲ್ಲ. ಅದರ ಮರುವರ್ಷವೂ ಇಳಿಯಲಿಲ್ಲ.

ಇಸ್ಮತ್ ಇಲ್ಲಿ ತಡೆದು, ಚಹಾದ ಕಪ್ಪನ್ನು ಪಕ್ಕಕ್ಕಿಟ್ಟರು.

“ಈ ವರ್ಷ ಹೆಂಡ್ತಿನ್ನ ಕರಕೊಂಡು, ಈ ಉಂಡಿ ತಗೊಂಡು ಬಂದಿದ್ದ. ಇವತ್ತ ಮುಂಜಾನೆ. ಆ ಹುಡುಗಿ ಪಾಪ, ನಮ್ಮ ನಾದಿನಿ ಎಲ್ಲಿ ಅಂತ ಕೇಳಿದಳು. ಆವಾಗ ಇಳದ ಬಂದಳು ನೋಡ್ರಿ ಹಂಸಾ. ನನ್ನ ಅಡಗಿಮನ್ಯಾಗ ನಿಂತು ಹಾಲು ಬೆಚ್ಚಗ ಮಾಡಿದಳು. ಕೂಡ್ರಿಸಿ ಎರದಳು. ಹೊಟ್ಟಿ ತಣ್ಣಗಿರಲಿ ಅಂತ ಅಷ್ಟ ಅಂದಳು. ಮೊದಲಿನ ಅರ್ಧ ಆವತ್ತ ಹೇಳಿ ಮುಗಿಸಿದ್ದಳಲ್ಲ.”

ಬಂಗಾರೆವ್ವ ಎಂಬ ಮುದುಕಿ ಕೈಯಲ್ಲಿದ್ದ ಅರ್ಧ ಉಂಡಿಯನ್ನು ನೋಡಿದರು. ತಿನ್ನಲೂ ಆಗದೆ, ತಟ್ಟೆಗೆ ಮರಳಿ ಇಡಲೂ ಆಗದೆ ಸೆರಗಿನಲ್ಲಿ ಕಟ್ಟಿಕೊಂಡರು. “ಆಕಿ ಈಗ ಎಲ್ಲದಾಳ್ರೀ?” ಎಂದು ಕೇಳಿದರು.

ಇಸ್ಮತ್ ಗದ್ದವನ್ನಷ್ಟೇ ಮೇಲೆತ್ತಿ ತೋರಿಸಿದರು. ಅವರದೇ ಮನೆಯ ಮಹಡಿಯ ಕಿಟಕಿಯಲ್ಲಿ ದೀಪ ಹತ್ತಿತ್ತು. ಕಂಪ್ಯೂಟರಿನ ಎದುರು ಕುಳಿತ ಹೆಣ್ಣೊಬ್ಬಳು ಯಾರದೋ ಮಗುವಿಗೆ ನಿಧಾನವಾಗಿ ಕಾಗುಣಿತ ಹೇಳಿಕೊಡುತ್ತಿದ್ದಳು. ಒಂದೊಂದು ಅಕ್ಷರವೂ ಹಿತ್ತಲಿಗೆ ಸ್ಪಷ್ಟವಾಗಿ ಕೇಳುತ್ತಿತ್ತು.

ಕಥೆ ನಡೆದಷ್ಟು ಹೊತ್ತೂ ಕಿಟಕಿ ತೆರೆದೇ ಇತ್ತು.

ಹೆಂಗಸರು ಎದ್ದರು. ಕುರ್ಚಿಗಳನ್ನು ನೆಲಕ್ಕೆ ತಾಗಿಸದೆ ಎತ್ತಿ ಗೋಡೆಗೆ ಒರಗಿಸಿದರು, ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡರು, ಹುಲ್ಲಿನ ಮೇಲೆ ಸದ್ದಿಲ್ಲದೆ ನಡೆದು ತಂತಮ್ಮ ಮನೆಗೆ ಹೋದರು.