ರದ್ದು ಮಾಡುವ ಹೆಜ್ಜೆ

ನಾನ್ಸುಬುಗ ಎಂಬವಳ ಬಳಿ ಸರದಿ ನಂಬರು ಇರಲಿಲ್ಲ.

ಅದಕ್ಕೇ ಅವಳ ಅಣ್ಣ ಸೆಂಟೊಂಗೊ ನನ್ನ ಕತ್ತು ಹಿಡಿದು ಡಯಾಲಿಸಿಸ್ ಕೋಣೆಯ ಗೋಡೆಗೆ ಒತ್ತಿದ್ದ.

"ನಾಲ್ಕು ಮೆಷಿನ್ ಖಾಲಿ ನಿಂತಿವೆ ಕಣಯ್ಯ. ನನ್ ತಂಗಿ ಉಸಿರಿಗೆ ಒದ್ದಾಡ್ತಿದಾಳೆ."

"ಕತ್ತು ಬಿಟ್ರೆ ನೋಡ್ತೀನಿ, ಸೆಬೊ." ನಮ್ಮಲ್ಲಿ ಗಂಡಸರನ್ನು ಕರೆಯುವುದೇ ಹಾಗೆ, ಸ್ವಾಮಿ ಎಂಬಂತೆ.

ಬಿಟ್ಟ.

ಕೆಟ್ಟ ವೆಬ್‌ಸೈಟು ರಿಪೇರಿ ಮಾಡುವುದು ನನ್ನ ಕಸುಬು; ಆಸ್ಪತ್ರೆಯವರು ಕರೆಸಿದ್ದರು. ಕಂಪಾಲದಲ್ಲಿ ಅದಕ್ಕೆ ಗಟ್ಟಿ ಕತ್ತು ಬೇಕು.

ನಂಬರು ಒತ್ತದೆ ಮೆಷಿನ್ ಶುರುವಾಗುವುದಿಲ್ಲ. ಆಸ್ಪತ್ರೆಯ ಸೈಟಿನಲ್ಲಿ ಬುಕ್ ಮಾಡಿದವರ ಫೋನಿಗೆ ನಂಬರು ಬರುತ್ತದೆ. ಲ್ಯಾಪ್‌ಟಾಪ್ ತೆರೆದೆ. ಎಲ್ಲ ಸರದಿಯೂ ಭರ್ತಿ. ಎಲ್ಲ ಕಡೆ ಒಂದೇ ಹೆಸರು.

ಟೆಸ್ಟ್ ಪೇಷಂಟ್...

ಅವನು ಮನುಷ್ಯನಲ್ಲ. ಸೈಟು ಸರಿ ಇದೆಯೇ ಎಂದು ತಾನೇ ಬ್ರೌಸರ್ ತೆರೆದು, ತಾನೇ ಬಟನ್ ಒತ್ತಿ ನೋಡುತ್ತಲೇ ಇರುವ ಪರೀಕ್ಷೆಯ ಪ್ರೋಗ್ರಾಮು. ಬುಕ್ ಮಾಡು, ಆಯಿತೇ ನೋಡು, ರದ್ದು ಮಾಡು. ರದ್ದಿನ ಹೆಜ್ಜೆ ಆಗಾಗ ಮುಗ್ಗರಿಸಿ ವರದಿ ಕೆಂಪಾಗುತ್ತಿತ್ತು. ಸೈಟು ಕಟ್ಟಿದ ಕಿಬುಕನಿಗೆ ಹಸಿರು ಬೇಕಿತ್ತು. ಆ ಹೆಜ್ಜೆಯನ್ನೇ ತೆಗೆದ. ನಕಲಿ ಸೈಟಿನ ಮೇಲೆ ಓಡಬೇಕಿದ್ದ ಪರೀಕ್ಷೆ ಅದು. ಗುರುವಾರ ಗಿರಾಕಿಗಳಿಗೆ ತೋರಿಸಲು ಅಸಲಿ ಸೈಟಿನ ವಿಳಾಸ ಹಾಕಿ, ತೆಗೆಯಲು ಮರೆತ.

ಬೇರೆ ರೋಗಿಗಳು ಬೇರೆ ಊರಿಗೆ ಓಡಿದ್ದರು. ನಾನ್ಸುಬುಗ ಕಾದಿದ್ದಳು. ನಿನ್ನೆ ನರ್ಸ್ ಕೇಳಿದಾಗ ಕಿಬುಕ ಅಂದನಂತೆ, "ವರದಿ ಹಸಿರಾಗಿದೆ, ಸೈಟು ಸರಿ ಇದೆ."

ಒಂದು ಸರದಿ ಕೈಯಾರೆ ರದ್ದು ಮಾಡಿದೆ. ಅವಳ ಹೆಸರು ತುಂಬುವಷ್ಟರಲ್ಲಿ ಟೆಸ್ಟ್ ಪೇಷಂಟ್ ಬಂದು ಕೂತಿದ್ದ. ಮತ್ತೆ ರದ್ದು. ಮತ್ತೆ ಅವನೇ.

"ಅವನನ್ನ ನಿಲ್ಸು," ಅಂದ ಸೆಂಟೊಂಗೊ.

"ಪಾಸ್‌ವರ್ಡ್ ಕಿಬುಕನ ಹತ್ರ. ನಂಬರೆಲ್ಲ ಹೋಗಿರೋದೂ ಅವನ ಫೋನಿಗೇ. ಫೋನ್ ಆಫ್."

ನರ್ಸ್ ಬಾಯಿಬಿಟ್ಟಳು. "ಅವನ ತಮ್ಮನಿಗೆ ಇವತ್ತು ಹೆಣ್ಣು ಕೇಳೋ ಶಾಸ್ತ್ರ, ಪಕ್ಕದೂರು ಮುಕೊನೊದಲ್ಲಿ. ಗಂಡಿನ ಕಡೆ ಮಾತಾಡೋನು ಅವನೇ."

ಬಾಡಿಗೆ ಬೈಕು ಹತ್ತಿದೆ. ಎರಡು ಲಾರಿಗಳ ನಡುವೆ ನುಗ್ಗುವಾಗ ಮೊಣಕಾಲಿನ ಚರ್ಮ ಒಂದು ಲಾರಿಗೆ ಹೋಯಿತು.

ಚಪ್ಪರದ ಬಾಗಿಲಲ್ಲಿ ಹುಡುಗಿಯ ಸೋದರತ್ತೆಯರು ಅಡ್ಡ ನಿಂತರು.

"ಗಂಡಿನ ಕಡೆಯವರು ತೊಡೋ ಬಿಳಿ ನಿಲುವಂಗಿ ಎಲ್ಲಪ್ಪಾ? ಪ್ಯಾಂಟಲ್ಲಿ ಬಂದಿದೀಯ. ಹೆಣ್ಣು ಕೇಳೋಕೋ, ಕೋಳಿ ಕದಿಯೋಕೋ?"

"ಒಂದು ಜೀವ ಹೋಗ್ತಿದೆ, ಅತ್ತೆ."

"ಗಂಡಿನ ಕಡೆಯವರೆಲ್ಲ ಹಾಗೇ ಹೇಳೋದು."

ಎಲ್ಲರೂ ನಕ್ಕರು. ಆ ಶಾಸ್ತ್ರದಲ್ಲಿ ಬಾಗಿಲ ಮಾತೆಲ್ಲ ತಮಾಷೆಯೇ. ನಿಜ ಹೇಳಿದರೂ ತಮಾಷೆಯೇ.

ಯಾವನೋ ಡ್ರೈವರನ ನಿಲುವಂಗಿ ಕಸಿದು ತೊಟ್ಟು ಒಳಗೆ ಹೋದೆ. ಕಿಬುಕ ಮೈಕು ಹಿಡಿದಿದ್ದ. ಕಿವಿಯಲ್ಲಿ ಹೇಳಿದೆ. ಅವನ ಮುಖ ಬೂದಿಯಾಯಿತು. ಆದರೂ ಮೈಕು ಬಿಡಲಿಲ್ಲ.

"ಈಗ ನಾನು ಎದ್ದು ಹೋದ್ರೆ ನಮ್ಮನ್ನೆಲ್ಲ ವಾಪಸ್ ಕಳಿಸ್ತಾರೆ..."

"ಫೋನ್ ಕೊಡು ಸಾಕು."

"ಕಾರಲ್ಲಿದೆ. ಮೂರು ದಿನದಿಂದ ಮೆಸೇಜು ಬಡ್ಕೊಳ್ತಿತ್ತು, ಆಫ್ ಮಾಡ್ದೆ. ತಗೋ ಕೀ."

ಕಾರಿನಲ್ಲಿ ಕೂತು ಫೋನು ಹಚ್ಚಿದೆ. ನಂಬರುಗಳು ಸುರಿದವು. ಈ ಹೊತ್ತಿನ ಸರದಿಯದು ಹುಡುಕಿ ಸೆಂಟೊಂಗೊನಿಗೆ ಕರೆ ಮಾಡಿದೆ.

"ಒತ್ತು. ಏಳು, ಎರಡು..."

"ಬೇಡ, ಸೆಬೊ."

"ಏಳು, ಎರಡು, ಒಂಬತ್ತು..."

"ಬೇಡ ಅಂದ್ನಲ್ಲ. ಹೋದ್ಲು."

ಚಪ್ಪರದೊಳಗೆ ಹೆಂಗಸರು ಕೇಕೆ ಹಾಕಿದರು. ಹುಡುಗಿಯ ಅಪ್ಪ ಒಪ್ಪಿರಬೇಕು.

ಕೈಯಲ್ಲಿದ್ದ ಫೋನು ಮತ್ತೆ ಮಿಡಿಯಿತು. ಪರೀಕ್ಷೆಯ ಆ ಗಂಟೆಯ ವರದಿ. ಎಲ್ಲ ಹಸಿರು.

ಮೂರು ದಿನದಲ್ಲಿ ವ್ಯರ್ಥವಾದ ಸರದಿ ಮೂವತ್ತಾರು. ಸತ್ತವರು ಒಬ್ಬರು.