ಸೋಸಿದ ಔಷಧ

2025ರ ಜುಲೈ, ಮಧ್ಯಾಹ್ನ. ಹುಕ್ಕೇರಿ ಠಾಣೆಗೆ ನಾಗನೂರಿನಿಂದ ಶುಭಾಂಗಿ ಎಂಬ ಹೆಂಗಸು ಫೋನ್ ಮಾಡಿದಳು.

"ನಮ್ಮವ್ವನ್ನ ಮೊಣಕಾಲ ಡಾಕ್ಟರು ಕೊಂದಾರ್ರಿ. 'ಸೂಜಿ ಮಾಡಿದ ಕಾಲು ಸುಡಾಕತ್ತೈತಿ' ಅಂತ ಮೊನ್ನಿ ಫೋನಿನ್ಯಾಗ ಅತ್ತಿದ್ಲು. ಇವತ್ತು ಬೆಲ್ಲದ ಬಾಗೇವಾಡ್ಯಾಗ ಹೆಣ ಎತ್ತಾಕತ್ತಾರು. ನಾನೂ ಹೊಂಟೇನಿ, ನೀವು ಲಗೂನ ಹೋಗ್ರಿ."

ಪಿಎಸ್‌ಐ ರಾಧಿಕಾ ಹೆಡ್ ಕಾನ್‌ಸ್ಟೇಬಲ್ ಹೊಳೆಪ್ಪನನ್ನು ಕರೆದುಕೊಂಡು ಜೀಪು ಹತ್ತಿದಳು. ಹೊಳೆಪ್ಪನಿಗೂ ಮೊಣಕಾಲು ನೋವು. ಜೀಪು ಹತ್ತುವಾಗ, ಇಳಿಯುವಾಗ ದೇವರನ್ನೂ ಇಲಾಖೆಯನ್ನೂ ಒಟ್ಟಿಗೇ ಬೈಯುತ್ತಿದ್ದ.

ಮನೆಯ ಮುಂದೆ ಚಟ್ಟ ಸಿದ್ಧವಾಗಿತ್ತು. ಸತ್ತ ಪದ್ಮವ್ವನ ಮಗ ಜಿನದತ್ತ ಅಡ್ಡ ಬಂದ.

"ನಾವು ಜೈನರು ಮೇಡಂ. ಹೊತ್ತು ಮುಳುಗೂದ್ರೊಳಗ ಸುಡಬೇಕು."

"ಹೊತ್ತು ಇನ್ನೂ ನೆತ್ತಿ ಮ್ಯಾಲೈತಿ. ನಿಮಗ ಇಷ್ಟ್ಯಾಕ ಅವಸರ?"

ಅಸಹಜ ಸಾವಿನ ಪ್ರಕರಣ ದಾಖಲಾಯಿತು. ಶವ ಪಂಚನಾಮೆಯಲ್ಲಿ ಪದ್ಮವ್ವನ ಎಡ ಮೊಣಕಾಲು ಕುಂಬಳಕಾಯಿಯಷ್ಟು ಊದಿತ್ತು. ಮರುದಿನ ಮರಣೋತ್ತರ ವರದಿ ಬಂತು: ಕೀಲಿನಲ್ಲಿ ಕೀವು, ರಕ್ತಕ್ಕೆಲ್ಲ ನಂಜು, ಹೊಸ ಸೂಜಿ ಗುರುತು.

ಆ ಊರಲ್ಲಿ ಮೊಣಕಾಲು ಸವೆತದ ಮೇಲೆ ಸಂಶೋಧನೆ ನಡೆಸಿದ್ದ ಮೆಡಿಕಲ್ ಕಾಲೇಜಿನ ಡಾ. ಮಾಯಾ ಅಂದೇ ಠಾಣೆಗೆ ಬಂದು ವಿವರಿಸಿದಳು. ಕೆಲವರ ಕೀಲಿಗೆ ಹೊಸ ಔಷಧ, ಉಳಿದವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂಬುದು ರೋಗಿಗೂ ತಿಳಿಯದು, ಚುಚ್ಚುವ ಡಾಕ್ಟರಿಗೂ ತಿಳಿಯದು.

"ಪದ್ಮವ್ವಗ ಯಾವಾಗ ಚುಚ್ಚಿದ್ರಿ?"

"ತಿಂಗಳ ಹಿಂದೆ. ಬಲಗಾಲಿಗೆ."

ರಾಧಿಕಾ ವರದಿಯನ್ನು ಇನ್ನೊಮ್ಮೆ ನೋಡಿದಳು. ಎಡಗಾಲು.

"ನಿಮ್ಮ ಖಾಲಿ ಬಾಟ್ಲಿ, ಕಸ ಎಲ್ಲ ಯಾರು ಒಯ್ತಾರು?"

"ನಮ್ಮ ಗಾಡಿ ಡ್ರೈವರ್. ಜಿನದತ್ತ. ಪದ್ಮವ್ವನ ಮಗನೇ ಅವರು."

ಪಂಚರನ್ನು ಕರೆಸಿ ಜಿನದತ್ತನ ಮನೆ ಶೋಧಿಸಿದರು. ಅಡುಗೆಮನೆಗೆ ಹೊರಟಾಗ ಜಿನದತ್ತನೇ ಮೊದಲು ಒಳಗೆ ಓಡಿ ಕುಡಿಯುವ ನೀರಿನ ಕೊಡದ ಮುಂದೆ ನಿಂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಹೊಳೆಪ್ಪ ಅವನನ್ನು ಬಾಜೂ ಸರಿಸಿದ. ಕೊಡದ ಬಾಯಿಗೆ ಕಟ್ಟಿದ್ದ ನೀರು ಸೋಸುವ ಅರಿವೆ ಬಟ್ಟೆ ಇನ್ನೂ ಹಸಿಯಾಗಿತ್ತು. ಕೊಡದ ಹಿಂದಿನ ಬಟ್ಟಲಲ್ಲಿ ಒಂದು ಸಿರಿಂಜ್, ಸಂಶೋಧನೆಯ ಚೀಟಿ ಅಂಟಿಸಿದ ಒಂದು ಸಣ್ಣ ಬಾಟಲಿ.

"ಯಾರ ಬಾಟ್ಲಿ ಇದು?"

"ಬಾಜೂ ಮನಿ ಸುಂದ್ರವ್ವಂದು. ಅರ್ಧ ಉಳದಿತ್ರಿ." ಜಿನದತ್ತ ನೆಲ ನೋಡುತ್ತಲೇ ಹೇಳಿದ. "ಸೂಜಿ ಆದಮ್ಯಾಲ ಆಕಿ ಕಬ್ಬಿನ ಕೆಲಸಕ್ಕ ಹೋಗಾಕತ್ಲು. ನಮ್ಮವ್ವಗ ಏನೂ ಆಗಲಿಲ್ಲ. ಖರೆ ಔಷಧ ಸುಂದ್ರವ್ವಗ ಬಿದ್ದೈತಿ ಅಂತ ತಿಳಕೊಂಡೆ. ಎಡಗಾಲೂ ನೋಯ್ತಿತ್ತು, ಅದಕ್ಕ ನಾನ ಚುಚ್ಚಿದೆ. ಚುಚ್ಚೂದು ದಿನಾ ನೋಡಿದ್ನಲ್ಲ."

"ಈ ಹಸಿ ಅರಿವ್ಯಾಗ ಔಷಧ ಸೋಸಿದಿ?"

"ಹೂಂನ್ರಿ. ಮನ್ಯಾಗಿನ ಅರಿವ್ಯಾಗ. ಸೋಸಲಾರದ್ದು ಮೈಯಾಗ ಹೋಗಬಾರದು, ಜೀವ ಸಾಯ್ತಾವು ಅಂದ್ಲು ಅವ್ವ."

"ಕಾಲು ಊದಿದಾಗರ ದವಾಖಾನಿಗೆ ಯಾಕ ಒಯ್ಯಲಿಲ್ಲ?"

"ಆಕಿನ ಬ್ಯಾಡ ಅಂದ್ಲ್ರಿ. ನಿನ್ನ ಹೆಸರು ಹೊರಗ ಬರ್ತೈತಿ ಅಂದ್ಲು."

ಬಾಗಿಲಲ್ಲಿ ನಿಂತಿದ್ದ ಶುಭಾಂಗಿ ಅಣ್ಣನನ್ನು ನೋಡಿದಳು. ಅದನ್ನು ನೋಡುವುದು ರಾಧಿಕಾಗೆ ಕಷ್ಟವಾಯಿತು.

ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ಆಯಿತು, ಜಿನದತ್ತನ ಬಂಧನವೂ ಆಯಿತು; ಜಾಮೀನಿಗೆ ಅವನು ಯಾರನ್ನೂ ಕರೆಯಲಿಲ್ಲ. ಇಷ್ಟೆಲ್ಲ ಯಾಕೆ ಎಂಬುದು ಅವನ ಹೇಳಿಕೆಯಲ್ಲಿತ್ತು: ಮಳೆಗಾಲದ ಚಾತುರ್ಮಾಸಕ್ಕೆ ಊರಿಗೆ ಜೈನ ಮುನಿಗಳು ಬರುವವರಿದ್ದರು. ಅವರ ಮುಂದೆ ಕುರ್ಚಿಯಲ್ಲಿ ಕೂರಲು ಪದ್ಮವ್ವ ಒಪ್ಪಿರಲಿಲ್ಲ; ಕಾಲು ಮಡಚಿ ನೆಲದ ಮೇಲೆ ಕೂರಬೇಕು ಎಂಬುದೊಂದೇ ಅವಳ ಆಸೆ. ಮಗನಿಗೂ ಬೇರೇನೂ ಬೇಕಿರಲಿಲ್ಲ.

ಪ್ರಯೋಗಾಲಯದ ವರದಿ ತಡವಾಗಿ ಬಂತು. ಕೀಲಿನಲ್ಲಿದ್ದ ರೋಗಾಣುವೇ ಅರಿವೆಯಲ್ಲೂ ಇತ್ತು. ಸಾವು ಆಗಿದ್ದರಿಂದ ಕಾಲೇಜಿನವರೂ ಯಾರಿಗೆ ಯಾವುದು ಎಂದು ಬರೆದಿಟ್ಟ ಗುಟ್ಟಿನ ಲಕೋಟೆ ಒಡೆದಿದ್ದರು. ಆರೋಪಪಟ್ಟಿಯಲ್ಲಿ ಹೇಗೂ ಓದುತ್ತಾನೆ, ನನ್ನ ಬಾಯಿಂದಲೇ ಕೇಳಲಿ ಎಂದು ರಾಧಿಕಾ ಹಿಂಡಲಗಾ ಜೈಲಿಗೆ ಹೋದಳು.

"ಖರೆ ಔಷಧ ನಿಮ್ಮವ್ವಗನ ಬಿದ್ದಿತ್ತು ಜಿನದತ್ತ. ಸುಂದ್ರವ್ವನ ಬಾಟ್ಲ್ಯಾಗ ಇದ್ದದ್ದು ಬರೀ ಉಪ್ಪುನೀರು."



"ಅವ್ವ ಕೇಳಿದ್ಲ್ರಿ," ಎಂದ. "'ಇದು ನೀರಿರಬೇಕಲ್ಲೋ?' ಅಂದ್ಲು. ಇಲ್ಲವ್ವ, ಔಷಧ ಅಂದೆ. 'ಯಾರಿಗ್ಗೊತ್ತು, ನೀರಿದ್ರ ಸೋಸಿ ಹಾಕು' ಅಂದ್ಲು."