ಪಕ್ಕದ ಸೀಟಿನ ಅನುಮಾನ

"ಕೀ ಕೊಡಿ."

ವ್ಯಾನಿನ ಕಿಟಕಿಯೊಳಗೆ ಚಾಚಿದ್ದ ಕೈಯನ್ನು ಸೈಕಾಲ್ ದಿಟ್ಟಿಸಿದಳು. ಗಣಿ ಕಂಪನಿಯ ಹಳದಿ ಜಾಕೆಟ್ಟು, ಹೊಚ್ಚಹೊಸ ಬೂಟು, ಬಿಸಿಲಿಗೆ ಕಿರಿದಾದ ಕಣ್ಣು. ಈ ಮುಖವನ್ನು ಘಾಟಿಯ ಬುಡದ ಗೇಟಿನಲ್ಲಿ ಅವಳು ಹಿಂದೆಂದೂ ನೋಡಿರಲಿಲ್ಲ.

"ಯಾರ್ರೀ ನೀವು?"

"ಕುಬಾತ್. ವಾಹನ ಸುರಕ್ಷತೆ ನೋಡ್ಕೊಳ್ಳೋಕೆ ರಾಜಧಾನಿ ಬಿಷ್ಕೆಕ್‌ನಿಂದ ಬಂದಿದ್ದೀನಿ. ಮೊದ್ಲು ಕೀ ಕೊಡಿ, ಆಮೇಲೆ ಜಗಳ ಆಡೋಣ."

ಹಿಂದೆ ಕುಳಿತಿದ್ದ ಗಣಿ ಕೆಲಸಗಾರರು ಕಿಸಕ್ಕನೆ ನಕ್ಕರು. ಸೈಕಾಲ್‌ಗೆ ಮೈಯೆಲ್ಲ ಉರಿಯಿತು.

"ಏನ್ ತಪ್ಪು ಮಾಡಿದ್ದೀನಿ ಅಂತ?"

"ಹಿಂದೆ ಒಬ್ರೂ ಬೆಲ್ಟ್ ಹಾಕಿಲ್ಲ. ನಿಮ್ಮ ಕಣ್ಣು ಬೇರೆ ಕೆಂಪಗಿದೆ. ರಾತ್ರಿ ಸರಿಯಾಗಿ ಮಲಗಿದ್ರಾ?"

"ನನ್ನ ನಿದ್ದೆ ವಿಚಾರ ನಿಮಗ್ಯಾಕೆ? ನೀವೇನು ನನ್ನ ಗಂಡಾನಾ?"

ಇಡೀ ವ್ಯಾನು ಹೋ ಎಂದು ಕೂಗಿತು. ಅವನ ಮುಖ ಕಿವಿಯ ತುದಿಯವರೆಗೂ ಕೆಂಪಾಯಿತು. ಆದರೆ ಚಾಚಿದ ಕೈ ಮಾತ್ರ ಹಿಂದೆ ಸರಿಯಲಿಲ್ಲ!

ಕೊನೆಗೆ ಕೀ ಕೊಡಲೇಬೇಕಾಯಿತು. ಎಲ್ಲರೂ ಗೊಣಗುತ್ತ ಬೆಲ್ಟ್ ಬಿಗಿದುಕೊಳ್ಳುವವರೆಗೆ ಅವನು ಕೀ ಹಿಡಿದು ನಿಂತಿದ್ದ. ಆಮೇಲೆ ಅದನ್ನು ಹಿಂದಿರುಗಿಸಿ, ಹೇಳದೆ ಕೇಳದೆ ಅವಳ ಪಕ್ಕದ ಸೀಟಿಗೆ ಹತ್ತಿ ಕುಳಿತ.

"ಇದೇನಿದು?"

"ಇನ್ನು ಸ್ವಲ್ಪ ದಿನ ನಿಮ್ಮ ಜೊತೆನೇ ಬರ್ತೀನಿ. ಗುತ್ತಿಗೆ ವ್ಯಾನಿನವರ ಜೊತೆಗೆಲ್ಲ ಹೀಗೇ... ನಿಮ್ಮಿಂದ ಶುರು."

ಗೂಢಚಾರ! ಅಂದುಕೊಂಡಳು ಸೈಕಾಲ್. ನಮ್ಮನ್ನೆಲ್ಲ ಕೆಲಸದಿಂದ ತೆಗೆಯೋಕೆ ನೆಪ ಹುಡುಕ್ತಾ ಬಂದಿದ್ದಾನೆ.

ಅವಳ ಅನುಮಾನಕ್ಕೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಅವಳ ಅಣ್ಣ ಎರ್ಮೆಕ್ ಇದೇ ಘಾಟಿಯಲ್ಲಿ ವ್ಯಾನಿನ ಸಮೇತ ಕಂದರಕ್ಕೆ ಬಿದ್ದು ತೀರಿಹೋಗಿದ್ದ. ಹಳದಿ ಜಾಕೆಟ್ಟಿನವರು ಮನೆಗೆ ಬಂದು, ಅಮ್ಮ ಕೊಟ್ಟ ಚಹಾ ಕುಡಿದು, "ಡ್ರೈವರ್ ತಪ್ಪು" ಅಂತ ಎರಡೇ ಮಾತು ಹೇಳಿ ಎದ್ದು ಹೋಗಿದ್ದರು. ಆ ಎರಡು ಮಾತು ಅಮ್ಮನನ್ನು ಅರ್ಧ ಕೊಂದಿತ್ತು. ಅಣ್ಣ ಮಾಡುತ್ತಿದ್ದ ಕೆಲಸಕ್ಕೇ ಸೈಕಾಲ್ ಹಟ ಹಿಡಿದು ಬಂದಿದ್ದಳು. ಇಸ್ಸಿಕ್‌ಕುಲ್ ಸರೋವರದ ದಕ್ಷಿಣ ದಡದ ಹಳ್ಳಿಗಳಿಂದ ಆಳುಗಳನ್ನು ತುಂಬಿಕೊಂಡು, ಮೋಡದ ಮೇಲಿನ ಗಣಿಗೆ ತಲುಪಿಸುವ ಕೆಲಸ. ಘಾಟಿಯಲ್ಲಿ ವ್ಯಾನು ಓಡಿಸುವ ಹೆಂಗಸು ಅವಳೊಬ್ಬಳೇ.

ಅಂಥವಳ ಪಕ್ಕದಲ್ಲಿ ಈಗ ಒಬ್ಬ ಹಳದಿ ಜಾಕೆಟ್ಟು!

ಮೊದಲ ದಿನಗಳು ಮೌನದಲ್ಲೇ ಕಳೆದವು. ಅವನು ಟೈರು ಒತ್ತಿ ನೋಡಿದರೆ ಅವಳಿಗೆ ಅನುಮಾನ. ಅವನು ಫೋನು ತೆಗೆದರೆ ಅನುಮಾನ. ಅವನು ಸುಮ್ಮನೆ ಕುಳಿತರಂತೂ ಇನ್ನೂ ಹೆಚ್ಚಿನ ಅನುಮಾನ.

ಡ್ಯಾಶ್‌ಬೋರ್ಡಿನ ಮೇಲೆ ಕಂಪನಿ ಕೂರಿಸಿದ್ದ ಪುಟ್ಟ ಯಂತ್ರವೊಂದಿತ್ತು. ಚಾಲಕನ ರೆಪ್ಪೆ ಭಾರವಾದರೆ ಅದು ಕಿರುಚಬೇಕು, ವೇಗ ಮೀರಿದರೂ ಕಿರುಚಬೇಕು. ಡ್ರೈವರುಗಳೆಲ್ಲ ಅದಕ್ಕೆ 'ಅತ್ತೆ' ಅಂತ ಹೆಸರಿಟ್ಟಿದ್ದರು.

"ನಿಮ್ಮತ್ತೆ ತುಂಬ ಒಳ್ಳೆಯವರು," ಅಂದ ಒಂದು ದಿನ ಕುಬಾತ್. "ಒಂದು ಸಲಾನೂ ಬಾಯಿ ಬಿಟ್ಟಿಲ್ಲ."

"ಸೊಸೆ ಒಳ್ಳೆಯವಳಾದ್ರೆ ಅತ್ತೆ ಯಾಕೆ ಕಿರುಚ್ತಾಳೆ?"

ಅವನು ಜೋರಾಗಿ ನಕ್ಕುಬಿಟ್ಟ. ಆ ನಗು ಎಷ್ಟು ನಿರ್ಮಲವಾಗಿತ್ತೆಂದರೆ... ಸೈಕಾಲ್ ಸರಕ್ಕನೆ ರಸ್ತೆಯ ಕಡೆ ಮುಖ ತಿರುಗಿಸಿದಳು. ತುಟಿಯಂಚಿನಲ್ಲಿ ಮೂಡಿದ ನಗು ಅವನಿಗೆ ಕಾಣಬಾರದಲ್ಲ!

ದಿನ ಕಳೆದಂತೆ ಮಾತು ಬೆಳೆಯಿತು. ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇರದೆ ಕೆಳಗಿನ ಗೇರಿನಲ್ಲಿ ಇಳಿಯಬೇಕೆಂದು ಅವನು ಹೇಳಿದರೆ, ಯಾವ ತಿರುವಿನಲ್ಲಿ ಮಧ್ಯಾಹ್ನವಾದರೂ ಮಂಜುಗಡ್ಡೆ ಕರಗುವುದಿಲ್ಲವೆಂದು ಅವಳು ಹೇಳುತ್ತಿದ್ದಳು. ಅವನು ಜೇಬಿನಿಂದ ಕುರುತ್ ತೆಗೆದು ಕೊಡುತ್ತಿದ್ದ. ಉಪ್ಪುಪ್ಪಾದ ಆ ಒಣಮೊಸರಿನ ಉಂಡೆಯನ್ನು ಬಾಯಲ್ಲಿಟ್ಟುಕೊಂಡು ಇಬ್ಬರೂ ಸುಮ್ಮನೆ ಶಿಖರ ನೋಡುತ್ತಿದ್ದರು.

ಬೇಡ ಸೈಕಾಲ್, ಬೇಡ... ತನ್ನ ಮನಸ್ಸನ್ನು ಅವಳೇ ಗದರಿಸಿಕೊಳ್ಳುತ್ತಿದ್ದಳು. ಆ ಜಾಕೆಟ್ ಬಣ್ಣ ಮರೆತೆಯಾ?

ಮರೆಯುವಂತಾಗಿತ್ತು, ನಿಜ. ಅಷ್ಟರಲ್ಲಿ ಒಂದು ಮಧ್ಯಾಹ್ನ ದಡದ ಹೋಟೆಲಿನ ಗಾಜಿನಾಚೆ ಕುಬಾತ್ ಕಂಡ. ಎದುರಿಗೆ ಗುತ್ತಿಗೆದಾರ ಮೆದೆರ್! ವ್ಯಾನುಗಳ ಯಜಮಾನ, ಟ್ರಿಪ್ಪಿನ ಲೆಕ್ಕದಲ್ಲಷ್ಟೇ ಸಂಬಳ ಕೊಡುವವ, ಒಂದು ಟ್ರಿಪ್ ತಪ್ಪಿದರೆ ಮುಖ ಗಂಟಿಕ್ಕುವವ. ಇಬ್ಬರೂ ತಲೆಗೆ ತಲೆ ಕೊಟ್ಟು ಮಾತಾಡುತ್ತಿದ್ದರು. ಮೆದೆರ್ ಅವನ ಭುಜ ತಟ್ಟಿದ.

ಸೈಕಾಲ್ ಒಳಗೆ ಹೋಗದೆ ಬಂದ ದಾರಿಯಲ್ಲೇ ತಿರುಗಿ ನಡೆದಳು.

ಮರುದಿನ ಬೆಳಿಗ್ಗೆ ವ್ಯಾನಿನ ಹತ್ತಿರ ಬಂದರೆ, ಕುಬಾತ್ ಅವಳ ಸೀಟಿನ ಕೆಳಗೆ ತಲೆ ತೂರಿಸಿದ್ದ!

"ಏನ್ ಮಾಡ್ತಿದ್ದೀರಿ ಅಲ್ಲಿ?"

ಅವನು ಎದ್ದು ನಿಂತ. ಕೈಯಲ್ಲಿ ತುಂಡಾದ ತಂತಿ. ಮುಖದಲ್ಲಿ ನಗು ಇರಲಿಲ್ಲ.

"ಅತ್ತೆ ಯಾಕೆ ಸುಮ್ಮನಿದ್ಲು ಅಂತ ಈಗ ಗೊತ್ತಾಯ್ತು. ಯಾರೋ ತಂತಿ ಕತ್ತರಿಸಿದ್ದಾರೆ. ಇದು ಯಾರ ಕೆಲಸ?"

"ನನಗೇನು ಗೊತ್ತು?"

"ಈ ವ್ಯಾನು ಓಡಿಸೋದು ನೀವೊಬ್ರೇ."

"ಇದರೊಳಗೆ ತಲೆ ಹಾಕಿದ್ದು ಮಾತ್ರ ನೀವು! ನೀವೇ ಕತ್ತರಿಸಿರಬಹುದಲ್ಲ? ನಿನ್ನೆ ಮೆದೆರ್ ಜೊತೆ ಕೂತು ಇದನ್ನೇ ಮಾತಾಡಿದ್ರಾ?"

ಅವನು ತಡವರಿಸಿದ. "ಮೆದೆರ್... ಅತ್ತೆ ಸುಮ್ಮನಿರೋದಕ್ಕೆ ನಿಮ್ಮ ಮೇಲೇ ಅನುಮಾನ ಅಂದ."

"ನೀವು ನಂಬಿದ್ರಿ!"

ಅವನ ಕಣ್ಣು ತಂತಿಯ ಮೇಲೇ ಇತ್ತು.

"ನನ್ನ ಕಣ್ಣು ನೋಡಿ ಹೇಳಿ ಕುಬಾತ್!"

"ನಿಮ್ಮ ಕಣ್ಣು ನೋಡಿದ್ರೆ ನಂಬಿಬಿಡ್ತೀನಿ," ಅಂದ ಅವನು ಮೆಲ್ಲಗೆ. "ಅದಕ್ಕೇ ನೋಡ್ತಿಲ್ಲ. ವಿಚಾರಣೆ ಮುಗಿಯೋವರೆಗೂ ನೀವು ವ್ಯಾನು ಮುಟ್ಟೋ ಹಾಗಿಲ್ಲ."

ಸೈಕಾಲ್ ಕೀಯನ್ನು ಅವನ ಕಾಲ ಬಳಿ ಎಸೆದು ಹೊರಟುಹೋದಳು. ಅವನ ಎದುರಿಗೆ ಒಂದು ಹನಿ ಕಣ್ಣೀರೂ ಬೀಳಬಾರದೆಂದು ಬೇಗ ಬೇಗ ನಡೆದಳು. ಏಪ್ರಿಕಾಟ್ ತೋಟ ದಾಟಿದ ಮೇಲೆ ಮಾತ್ರ ತಡೆಯಲಾಗಲಿಲ್ಲ.

ಎಲ್ಲಾ ಹಳದಿ ಜಾಕೆಟ್ಟೂ ಒಂದೇ... ನಾನೇ ಹುಚ್ಚಿ!

ಅವಳ ಆಳುಗಳನ್ನು ಸಾಗಿಸುವ ಕೆಲಸ ಶರ್ಶೆನ್ ಮಾಮನ ಹೆಗಲಿಗೆ ಬಿತ್ತು. ಅಪ್ಪನ ಗೆಳೆಯ, ಅವಳಿಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವನು. ಈಗ ಅವನು ಬೆಳಿಗ್ಗೆ ತನ್ನ ಟ್ರಿಪ್ ಮುಗಿಸಿ ಬಂದು, ಕೂರದೆ ಅವಳ ಟ್ರಿಪ್ಪಿಗೆ ಹೊರಡಬೇಕಿತ್ತು.

ಆ ಶುಕ್ರವಾರ ಮಾಮನ ಹೆಂಡತಿ ಎಣ್ಣೆಯಲ್ಲಿ ಕರಿದ ಬಿಸಿ ಬೋರ್ಸೋಕ್ ರೊಟ್ಟಿಯ ತಟ್ಟೆ ಹಿಡಿದು ಸೈಕಾಲ್‌ಳ ಮನೆಗೆ ಬಂದಳು. ಮುಖ ಬಾಡಿತ್ತು.

"ನಿಮ್ಮ ಮಾಮ ಚಹಾ ಲೋಟ ಹಿಡ್ಕೊಂಡೇ ತೂಕಡಿಸ್ತಿದ್ರು ಕಣೇ. ಬೇಡ ಅಂದ್ರೂ ಕೇಳ್ದೆ ಎರಡನೇ ಸಲ ಹೊರಟ್ರು. ಮೆದೆರ್ ಫೋನ್ ಮೇಲೆ ಫೋನ್ ಮಾಡ್ತಿದ್ದ."

ಸೈಕಾಲ್‌ಳ ಕೈಯಲ್ಲಿದ್ದ ತುಂಡು ತಟ್ಟೆಗೆ ಬಿತ್ತು. ಎರ್ಮೆಕ್ ಅಣ್ಣ ಕೂಡ ಹೀಗೇ... ಇದೇ ಹೊಸ್ತಿಲಲ್ಲಿ ಆಕಳಿಸುತ್ತ ಬೂಟು ಹಾಕಿಕೊಂಡಿದ್ದ!

ಮಾಮನ ಫೋನು ಸಿಗಲಿಲ್ಲ. ಇನ್ನು ಉಳಿದದ್ದು ಒಬ್ಬನೇ. ಅವನಿಗೆ ಹೇಳಿದರೆ ಮಾಮನ ಕೆಲಸ ಹೋಗುತ್ತದೆ. ಹೇಳದಿದ್ದರೆ...?

ಅವಳು ಕರೆ ಮಾಡಿದಳು.

"ಕುಬಾತ್, ಶರ್ಶೆನ್ ಮಾಮ ನಿದ್ದೆಗಣ್ಣಲ್ಲಿ ಘಾಟಿ ಹತ್ತುತ್ತಿದ್ದಾರೆ. ಅವರ ಕೆಲಸ ತೆಗೀಬೇಡಿ... ಮೊದಲು ಅವರನ್ನ ನಿಲ್ಲಿಸಿ!"

"ನಾನು ನಿಮ್ಮ ಹಳ್ಳಿ ಹತ್ರಾನೇ ಇದ್ದೀನಿ. ರಸ್ತೆಗೆ ಬನ್ನಿ."

ಅವನ ಜೀಪು ಬಂದು ನಿಂತಿತು. ಗಣಿಯ ಗೇಟಿಗೆ ವಿಷಯ ತಿಳಿಸಿದ್ದ. ಆದರೆ ಆ ಗೇಟು ಇದ್ದದ್ದು ಘಾಟಿಯ ಆಚೆ ತುದಿಯಲ್ಲಿ; ಬುಡದ ಗೇಟನ್ನು ಮಾಮ ಆಗಲೇ ದಾಟಿಯಾಗಿತ್ತು. ಇದ್ದಕ್ಕಿದ್ದಂತೆ ಅವನು ಇಳಿದು ಈ ಕಡೆ ಬಂದ.

"ನೀವೇ ಓಡಿಸಿ."

"ನಾನಾ? ನನ್ನ ಮೇಲೆ ವಿಚಾರಣೆ..."

"ಕಂಪನಿಗೆ ನಾನು ಉತ್ತರ ಕೊಟ್ಕೋತೀನಿ. ಈ ರಸ್ತೆ ನಿಮಗೆ ಗೊತ್ತಿರೋಷ್ಟು ನನಗೆ ಗೊತ್ತಿಲ್ಲ." ಈ ಸಲ ಅವನು ಅವಳ ಕಣ್ಣನ್ನೇ ನೋಡುತ್ತಿದ್ದ. "ನಂಬ್ತೀನಿ ಸೈಕಾಲ್. ಅವತ್ತೇ ನಂಬಬೇಕಿತ್ತು."

ಕಾಲು ವೇಗ ಬೇಡುತ್ತಿತ್ತು. ಅವಳು ಕೊಡಲಿಲ್ಲ. ಹಲ್ಲು ಕಚ್ಚಿ ತಿರುವು ತಿರುವಿಗೂ ಗೇರು ಇಳಿಸಿದಳು. ಪಕ್ಕದಲ್ಲಿ ಅವನು ಮುಂದಿನ ರಸ್ತೆ ನೋಡುತ್ತಿದ್ದ.

ಮಂಜು ಕರಗದ ಆ ತಿರುವು ದಾಟುತ್ತಿದ್ದಂತೆ ಕಂಡಿತು. ಬಂಡೆಗೆ ಉಜ್ಜಿಕೊಂಡು ಓರೆಯಾಗಿ ನಿಂತ ವ್ಯಾನು. ಈಚೆ ಪಕ್ಕದಲ್ಲಿ ಬಂಡೆ, ಆಚೆ ಪಕ್ಕದಲ್ಲಿ ಪಾತಾಳ. ಸ್ಟಿಯರಿಂಗ್ ಈಚೆ ಹೊರಳಿದ್ದರಿಂದ ಅಷ್ಟೂ ಜನ ಉಳಿದಿದ್ದರು! ಒಬ್ಬನ ಕೈ ಮುರಿದಿತ್ತು. ಉಳಿದವರು ಬೆಲ್ಟ್ ಒತ್ತಿದ ಎದೆ ಸವರಿಕೊಳ್ಳುತ್ತ ರಸ್ತೆ ಬದಿಯಲ್ಲಿ ಕುಳಿತಿದ್ದರು.

ಶರ್ಶೆನ್ ಮಾಮ ಕಲ್ಲಿನ ಮೇಲೆ ಕುಸಿದಿದ್ದ. ಟೋಪಿ ಎಲ್ಲೋ ಬಿದ್ದುಹೋಗಿತ್ತು.

"ಮಾಮ!" ಸೈಕಾಲ್ ಅವನ ಮುಂದೆ ಮಂಡಿಯೂರಿದಳು.

"ಕಣ್ಣು ಮುಚ್ಚಿದ್ದೇ ಗೊತ್ತಾಗ್ಲಿಲ್ಲ ಮಗಳೇ..." ಅವನು ಅವಳ ಕೈ ಹಿಡಿದುಕೊಂಡ. "ತಂತಿ ಕತ್ತರಿಸಿದ್ದು ನಾನೇ. ನನ್ನ ವ್ಯಾನಿಂದೂ, ನಿನ್ನ ವ್ಯಾನಿಂದೂ. ಅದು ಜಾಸ್ತಿ ಕಿರುಚಿದ್ರೆ ಕಂಪನಿಯವರು ಇಬ್ಬರನ್ನೂ ಮನೆಗೆ ಕಳಿಸ್ತಾರೆ ಅಂದ ಮೆದೆರ್. ನಿನ್ನ ಕೆಲಸ ಉಳಿಸೋಣ ಅಂತ ಮಾಡ್ದೆ... ನಿನ್ನ ಮೇಲೇ ಅಪವಾದ ಬಂದಾಗ ಬಾಯಿ ಬಿಡೋಕೆ ಧೈರ್ಯ ಆಗ್ಲಿಲ್ಲ. ಕ್ಷಮಿಸ್ತೀಯಾ?"

ಸೈಕಾಲ್‌ಗೆ ಕೋಪ ಬಂತು, ಅಳು ಬಂತು. ಕೊನೆಗೆ ಅವನ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು. ಅವನು ಬದುಕಿದ್ದ. ಸದ್ಯಕ್ಕೆ ಅವಳಿಗೆ ಅಷ್ಟೇ ಸಾಕಿತ್ತು.

ಗಣಿಯ ಅಧಿಕಾರಿಗಳು ಮೇಲಿನಿಂದ ಬಂದರು. ಮೆದೆರ್ ಕೆಳಗಿನಿಂದ ಬಂದ. ಬಂದವನೇ ಕೈ ಬೀಸಿದ.

"ಇದರಲ್ಲಿ ನೋಡೋದೇನಿದೆ? ಡ್ರೈವರ್ ತಪ್ಪು!"

ಅವೇ ಎರಡು ಮಾತು! ಸೈಕಾಲ್ ಮಾಮನ ಪಕ್ಕದಿಂದ ಎದ್ದು ನಿಂತಳು.

"ನಿಲ್ಲಿ," ಅಂದ ಕುಬಾತ್. "ಬೆಳಿಗ್ಗೆ ಒಂದು ಸಲ ಹತ್ತಿ ಇಳಿದವರನ್ನ ವಿಶ್ರಾಂತಿ ಇಲ್ದೆ ಮತ್ತೆ ಕಳಿಸಿದ್ದು ಯಾರು? ಅದನ್ನ ಹೇಳಿ."

"ಅದು... ಅವನೇ ಒಪ್ಪಿಕೊಂಡ!"

"ಟ್ರಿಪ್ ಇಲ್ದಿದ್ರೆ ಸಂಬಳ ಇಲ್ಲ ಅಂದ್ರೆ ಯಾರು ತಾನೇ ಒಪ್ಪಲ್ಲ? ಅವತ್ತು ಹೋಟೆಲಲ್ಲಿ ಕೈಮುಗಿದು ಕೇಳ್ಕೊಂಡಿದ್ದೆ, ಎರಡನೇ ಟ್ರಿಪ್ ನಿಲ್ಲಿಸಿ ಅಂತ. ನಗ್ತಾ ಭುಜ ತಟ್ಟಿದ್ರಿ." ಅವನು ಅಧಿಕಾರಿಗಳ ಕಡೆ ತಿರುಗಿದ. "ಈ ಪದ್ಧತಿ ಗೊತ್ತಿದ್ದೂ ಕಂಪನಿ ಸುಮ್ಮನಿತ್ತು. ತಪ್ಪು ನಮ್ಮದೂ ಇದೆ. ಬೇಕಾದ್ರೆ ನನ್ನನ್ನ ಕೆಲಸದಿಂದ ತೆಗೀರಿ, ಈ ಮಾತು ವಾಪಸ್ ತಗೊಳ್ಳಲ್ಲ."

ಅಣ್ಣ ಸತ್ತಾಗ ಯಾರೂ ಕೇಳದೆ ಹೋದ ಪ್ರಶ್ನೆ ಅದು! ಸೈಕಾಲ್ ಮುಖ ಮುಚ್ಚಿಕೊಂಡು, ಎಲ್ಲರ ಎದುರಿಗೇ, ನಾಚಿಕೆಯಿಲ್ಲದೆ ಅತ್ತಳು.

ಆ ಬೇಸಿಗೆಯಲ್ಲಿ ಬಹಳ ಬದಲಾಯಿತು. ಮೆದೆರನ ಗುತ್ತಿಗೆ ರದ್ದಾಯಿತು. ಚಾಲಕರಿಗೆ ತಿಂಗಳ ಸಂಬಳ ನಿಗದಿಯಾಯಿತು. ದಿನಕ್ಕೆ ಒಂದೇ ಟ್ರಿಪ್, ಮೇಲೆ ಗಣಿಯಲ್ಲಿ ಮಲಗಲು ಬೆಚ್ಚನೆಯ ಕೋಣೆ. ದಣಿದಿದ್ದೇನೆ ಎಂದವರನ್ನು ಯಾರೂ ಬೈಯುವಂತಿರಲಿಲ್ಲ. ಶರ್ಶೆನ್ ಮಾಮ ಸ್ಟಿಯರಿಂಗ್ ಬಿಟ್ಟು ಗ್ಯಾರೇಜು ಸೇರಿದ.

ಆದರೆ ಕುಬಾತ್? ಕಂಪನಿ ಅವನನ್ನು ಬಿಷ್ಕೆಕ್‌ಗೆ ಕರೆಸಿಕೊಂಡಿತ್ತು. ಹೋಗುವಾಗ ಅವನು ಒಂದು ಮಾತೂ ಹೇಳಿರಲಿಲ್ಲ.

ಅವನಿಗೆ ನಾನೂ ಒಂದು ಕೆಲಸ ಅಷ್ಟೇ ಇರಬೇಕು... ಮುಗೀತು, ಹೋದ. ಹಾಗಂದುಕೊಂಡರೂ ವ್ಯಾನಿನ ಪಕ್ಕದ ಸೀಟಿನಲ್ಲಿ ಬೇರೆ ಯಾರನ್ನೂ ಕೂರಿಸಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ.

ಸೇಬು ಹಣ್ಣಾಗುವ ಹೊತ್ತಿಗೆ, ಒಂದು ರಜೆಯ ಬೆಳಿಗ್ಗೆ ಅಂಗಳದಲ್ಲಿ ಅಮ್ಮನ ದನಿ ಕೇಳಿತು.

"ಸೈಕಾಲ್, ಯಾರೋ ಬಂದಿದ್ದಾರೆ ನೋಡು. ಪಾಪ, ಬೇಲಿ ಹತ್ರ ಆಗ್ಲಿಂದ ನಿಂತೇ ಇದ್ದಾನೆ!"

ಕುಬಾತ್! ಹಳದಿ ಜಾಕೆಟ್ ಇರಲಿಲ್ಲ. ಬಿಳಿ ಅಂಗಿ, ಸರಿಯಾಗಿ ಬಾಚದ ಕೂದಲು. ಮನೆಯವರೆದುರು ತಪ್ಪು ಒಪ್ಪಿಕೊಳ್ಳಲು ಬಂದ ಮಗುವಿನ ಮುಖ.

ಸೈಕಾಲ್ ಸೇಬಿನ ಮರದ ಕೆಳಗೆ ಚಹಾ ತಂದಿಟ್ಟಳು. ಅಮ್ಮ ಕುಶಲ ವಿಚಾರಿಸಿ ಒಳಗೆ ಹೋದಳು.

"ಹೇಳದೆ ಹೋದ್ರಿ," ಅಂದಳು ಸೈಕಾಲ್.

"ಯಾವ ಮುಖ ಇಟ್ಕೊಂಡು ಹೇಳ್ಲಿ? ನಿಮ್ಮಂಥವರ ಮೇಲೆ ಅನುಮಾನ ಪಟ್ಟವನು ನಾನು."

"ನಾನೂ ಪಟ್ಟಿದ್ದೆ. ಟೈರು ಮುಟ್ಟಿದ್ರೂ ಅನುಮಾನ, ನಕ್ಕರೂ ಅನುಮಾನ... ಈಗ ಯಾಕೆ ಬಂದ್ರಿ?"

"ಇಲ್ಲೇ ಕೆಲಸ ಕೇಳಿ ಹಾಕಿಸ್ಕೊಂಡೆ." ಅವನು ಚಹಾ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. "ಆದ್ರೆ ಕೆಲಸಕ್ಕೆ ಅಂತ ಬಂದಿಲ್ಲ ಸೈಕಾಲ್. ನೀವು ಕ್ಷೇಮವಾಗಿ ಇಳಿದು ಬಂದ್ರೋ ಇಲ್ವೋ ಅಂತ ಅಲ್ಲಿ ಕೂತು ದಿನಾ ಯೋಚಿಸ್ತಿದ್ದೆ. ಇನ್ನು ಆಗಲ್ಲ ನನ್ನ ಕೈಲಿ... ನನಗೆ ನೀವು ಅಂದ್ರೆ ಪ್ರಾಣ."

ಅವಳ ಕೆನ್ನೆ ಬಿಸಿಯಾಯಿತು. ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ, ಒಳಗಿರುವ ಅಮ್ಮನಿಗೂ ಕೇಳಿಸಬಹುದೆಂದು ಭಯವಾಯಿತು!

"ಇನ್ನೂ ನನ್ನ ಮೇಲೆ ಅನುಮಾನ ಇದೆಯಾ?" ಕೇಳಿದಳು ತಲೆ ತಗ್ಗಿಸಿ.

"ಒಂದೇ ಒಂದು ಉಳಿದಿದೆ."

"ಏನದು?"

"ನಿಮಗೂ ನಾನು ಅಂದ್ರೆ ಇಷ್ಟ ಇರಬಹುದಾ ಅಂತ."

ಸೈಕಾಲ್ ಬಟ್ಟಲನ್ನು ಅವನ ಕಡೆ ಸರಿಸಿದಳು. ಕಣ್ಣು ತುಂಬಿ ಬಂದಿದ್ದರೂ ತುಟಿಯ ಮೇಲಿನ ನಗುವನ್ನು ಈ ಸಲ ಅವಳು ಬಚ್ಚಿಡಲಿಲ್ಲ.

"ಚಹಾ ಆರಿ ಹೋಗ್ತಿದೆ. ಕುಡಿ."

ಅವನು ಬೆಚ್ಚಿ ತಲೆ ಎತ್ತಿದ. "ಏನಂದ್ರಿ? ಕುಡೀರಿ... ಅಲ್ವಾ?"

"ಅಲ್ಲ," ಅಂದಳು ಅವಳು. "ಕುಡಿ. ಇನ್ಮೇಲೆ ಹಾಗೇ ಕರೆಯೋದು ನಾನು... ನಿನ್ನ."